ಕನ್ನಡ ಶೀರ್ಷಿಕೆ ಕತ್ತರಿಸಿದರೆ ಕೊನೆಗೆ ಒಂಟಿ ‘ಪ್’ ಉಳಿಯುತ್ತದೆ, ಏನು ಮಾಡಲಿ?

ಪ್ರಶ್ನೆ: ನಮ್ಮೂರಿನ ಕಲಾಸಂಘಕ್ಕೆ ಒಂದು ಸಣ್ಣ ವೆಬ್‌ಸೈಟ್ ಮಾಡುತ್ತಿದ್ದೇನೆ. ಮುಖಪುಟದಲ್ಲಿ ಕಾರ್ಯಕ್ರಮಗಳ ಕಾರ್ಡ್‌ಗಳಿವೆ. ಶೀರ್ಷಿಕೆ ಉದ್ದ ಆದರೆ ಜಾವಾಸ್ಕ್ರಿಪ್ಟ್‌ನ ಸ್ಲೈಸ್ ಹಾಕಿ ಕತ್ತರಿಸಿ ಮೂರು ಚುಕ್ಕಿ ಸೇರಿಸುತ್ತೇನೆ. ಇಂಗ್ಲಿಷ್‌ನಲ್ಲಿ ಸರಿ ಬರುತ್ತದೆ. ಕನ್ನಡದಲ್ಲಿ ‘ಯಕ್ಷಗಾನ ಪ್ರದರ್ಶನ’ ಅನ್ನುವುದು ‘ಯಕ್ಷಗಾನ ಪ್…’ ಅಂತ ನಿಲ್ಲುತ್ತದೆ. ‘ಇದೇನಪ್ಪಾ ಪ್ ಅಂದ್ರೆ?’ ಅಂತ ಸಂಘದ ಹಿರಿಯರು ಕೇಳುತ್ತಿದ್ದಾರೆ. ಇದು ಫಾಂಟ್ ಸಮಸ್ಯೆಯಾ? ನೋಟೋ ಸ್ಯಾನ್ಸ್ ಕನ್ನಡ ತೆಗೆದು ಬೇರೆ ಹಾಕಿದೆ, ಆಗಲೂ ಹಾಗೇ ಇದೆ. ಕೋಡ್‌ನ ಸ್ಕ್ರೀನ್‌ಶಾಟ್ ಹಾಕಿದ್ದೇನೆ.

ಉತ್ತರ: ಫಾಂಟ್‌ನದೇನೂ ತಪ್ಪಿಲ್ಲ. ಅದಕ್ಕೆ ಕೊಟ್ಟಿದ್ದನ್ನು ಅದು ಸರಿಯಾಗೇ ತೋರಿಸುತ್ತಿದೆ. ತೊಂದರೆ ಇರುವುದು ಎಣಿಕೆಯಲ್ಲಿ. ನಾವು ‘ಕ್ಷ’ವನ್ನು ಒಂದು ಅಕ್ಷರ ಅಂತ ನೋಡುತ್ತೇವೆ. ಯೂನಿಕೋಡ್‌ನಲ್ಲಿ (ಪ್ರತಿ ಗುರುತಿಗೂ ಒಂದು ಸಂಖ್ಯೆ ಕೊಡುವ ಪದ್ಧತಿ) ಅದು ಕ, ಅರ್ಧಾಕ್ಷರದ ಚಿಹ್ನೆ, ಷ ಹೀಗೆ ಮೂರು ಸಂಕೇತ. ಜಾವಾಸ್ಕ್ರಿಪ್ಟ್‌ನ ಲೆಂಗ್ತ್ ಮತ್ತು ಸ್ಲೈಸ್ ಎರಡೂ ಎಣಿಸುವುದು ಆ ಸಂಕೇತಗಳನ್ನೇ. ನಿಮ್ಮ ‘ಯಕ್ಷಗಾನ ಪ್ರದರ್ಶನ’ವನ್ನೇ ತಗೊಳ್ಳಿ. ಓದುವವರ ಕಣ್ಣಿಗೆ ಅದು ಎಂಟು ಅಕ್ಷರ, ಮಧ್ಯೆ ಒಂದು ಜಾಗ, ಒಟ್ಟು 9. ಲೆಂಗ್ತ್ ಕೇಳಿದರೆ 16 ಅನ್ನುತ್ತದೆ. ನೀವು 10ಕ್ಕೆ ಕತ್ತರಿಸಿದ್ದೀರಿ, ಆ ಹತ್ತನೆಯದು ‘ಪ್ರ’ದ ನಡುವಿನ ಅರ್ಧಾಕ್ಷರದ ಚಿಹ್ನೆ. ಅದಕ್ಕೇ ‘ಪ್’ ಒಂಟಿಯಾಗಿ ಉಳಿದದ್ದು.

ಈ ಒಂಟಿ ‘ಪ್’ ಕಣ್ಣಿಗಾದರೂ ಬೀಳುತ್ತದೆ. ನನಗೆ ಜಾಸ್ತಿ ಚಿಂತೆ ಇರುವುದು ಕಣ್ಣಿಗೆ ಬೀಳದ ತಪ್ಪಿನ ಬಗ್ಗೆ. ‘ಮಗು’ ಅನ್ನುವುದು ಮೂರು ಸಂಕೇತ: ಮ, ಗ, ಉ-ಕಾರದ ಗುರುತು. ಎರಡಕ್ಕೆ ಕತ್ತರಿಸಿದರೆ ‘ಮಗ’ ಆಗುತ್ತದೆ. ‘ಕಾಲು’ ಹೋಗಿ ‘ಕಾಲ’ ಆಗುತ್ತದೆ. ಎರಡೂ ಒಳ್ಳೆಯ ಕನ್ನಡ ಪದಗಳೇ, ಹಾಗಾಗಿ ಪರೀಕ್ಷೆ ಮಾಡುವವರಿಗೂ ಏನೂ ಗೊತ್ತಾಗುವುದಿಲ್ಲ. ಸುದ್ದಿಯ ಶೀರ್ಷಿಕೆಯಲ್ಲೋ ಔಷಧಿಯ ಸೂಚನೆಯಲ್ಲೋ ಹೀಗಾದರೆ ಅರ್ಥವೇ ಬದಲಾಗುತ್ತದೆ ಅಲ್ವಾ? ಆದ್ದರಿಂದ ಕನ್ನಡದ ಸಾಲನ್ನು ಸ್ಲೈಸ್‌ನಿಂದ ನೇರವಾಗಿ ಕತ್ತರಿಸಲೇಬೇಡಿ.

ಕಾರ್ಡ್‌ಗೆ ಜಾವಾಸ್ಕ್ರಿಪ್ಟ್ ಬೇಕಾಗೇ ಇಲ್ಲ. ಪೂರ್ತಿ ಶೀರ್ಷಿಕೆ ಕೊಟ್ಟುಬಿಡಿ, ಎಷ್ಟು ಹಿಡಿಸುತ್ತದೋ ಅಷ್ಟನ್ನು ಬ್ರೌಸರ್ ತೋರಿಸಲಿ. ಒಂದೇ ಸಾಲು ಸಾಕಾದರೆ ಪುಟದ ರೂಪ ಹೇಳುವ ಸಿಎಸ್ಎಸ್‌ನಲ್ಲಿ ವೈಟ್‌ಸ್ಪೇಸ್ ನೋರ್ಯಾಪ್, ಓವರ್‌ಫ್ಲೋ ಹಿಡನ್, ಟೆಕ್ಸ್ಟ್ ಓವರ್‌ಫ್ಲೋ ಎಲಿಪ್ಸಿಸ್ ಹಾಕಿ. ಎರಡು ಸಾಲು ಬೇಕಿದ್ದರೆ ಡಿಸ್‌ಪ್ಲೇಗೆ ವೆಬ್‌ಕಿಟ್ ಬಾಕ್ಸ್, ಬಾಕ್ಸ್ ಓರಿಯೆಂಟ್‌ಗೆ ವರ್ಟಿಕಲ್, ಲೈನ್ ಕ್ಲ್ಯಾಂಪ್‌ಗೆ 2, ಜೊತೆಗೆ ಓವರ್‌ಫ್ಲೋ ಹಿಡನ್. ಹೆಸರಿನಲ್ಲಿ ವೆಬ್‌ಕಿಟ್ ಇದ್ದರೂ ಫೈರ್‌ಫಾಕ್ಸ್‌ನಲ್ಲೂ ನಡೆಯುತ್ತದೆ. ಇದರಲ್ಲಿ ಇನ್ನೊಂದು ಲಾಭವಿದೆ. ಪುಟದೊಳಗೆ ಪೂರ್ತಿ ಶೀರ್ಷಿಕೆ ಇರುವುದರಿಂದ ಪುಟವನ್ನು ಓದಿ ಹೇಳುವ ತಂತ್ರಾಂಶ ಬಳಸುವವರಿಗೂ ಪೂರ್ತಿಯಾಗೇ ಕೇಳಿಸುತ್ತದೆ.

ಒಂದು ಕೋರಿಕೆ. ಕೋಡನ್ನು ಸ್ಕ್ರೀನ್‌ಶಾಟ್ ಆಗಿ ಹಾಕಬೇಡಿ, ಪಠ್ಯವಾಗಿ ಅಂಟಿಸಿ. ಕನ್ನಡ ಪಠ್ಯದ ತೊಂದರೆಗಳಲ್ಲಿ ಎಷ್ಟೋ ಕಣ್ಣಿಗೆ ಕಾಣದ ಸಂಕೇತಗಳಿಂದ ಬರುತ್ತವೆ. ಚಿತ್ರದಲ್ಲಿ ಅವನ್ನು ಹುಡುಕಲು ಆಗುವುದಿಲ್ಲ.

ಪ್ರಶ್ನೆ (ಅದೇ ಸದಸ್ಯರು): ಕಾರ್ಡ್ ಸರಿಯಾಯಿತು, ಧನ್ಯವಾದ. ಆದರೆ ಮೊಬೈಲ್ ನೋಟಿಫಿಕೇಶನ್‌ಗೆ ಪಠ್ಯ ಕಳಿಸುವಾಗ ನಾನೇ ಕತ್ತರಿಸಬೇಕು. ಅಲ್ಲಿ ಸಿಎಸ್ಎಸ್ ಇಲ್ಲವಲ್ಲ?

ಉತ್ತರ: ಅಲ್ಲಿ ಇಂಟ್ಲ್ ಸೆಗ್ಮೆಂಟರ್ ಬಳಸಿ. ಜಾವಾಸ್ಕ್ರಿಪ್ಟ್‌ನಲ್ಲೇ ಇದೆ, ಬೇರೆ ಲೈಬ್ರರಿ ಬೇಡ. ಕ್ರೋಮ್‌ಗೆ 2020ರಲ್ಲಿ, ಸಫಾರಿಗೆ 2021ರಲ್ಲಿ ಬಂತು. ಫೈರ್‌ಫಾಕ್ಸ್‌ಗೆ ಬಂದದ್ದು 2024ರಲ್ಲಿ. ಭಾಷೆಗೆ ‘ಕೆಎನ್’, ಗ್ರ್ಯಾನ್ಯುಲಾರಿಟಿಗೆ ‘ಗ್ರಾಫೀಮ್’ (ಒಂದು ಅಕ್ಷರದಷ್ಟು ತುಂಡು) ಕೊಟ್ಟರೆ ಪಠ್ಯವನ್ನು ತುಂಡು ತುಂಡಾಗಿ ಬಿಡಿಸಿ ಕೊಡುತ್ತದೆ. ‘ಗು’ ಒಡೆಯುವುದಿಲ್ಲ, ‘ಗಾ’ ಒಡೆಯುವುದಿಲ್ಲ. ಮಗು ಮಗ ಆಗುವ ತೊಂದರೆ ಅಲ್ಲಿಗೆ ಮುಗಿಯಿತು.

ಒತ್ತಕ್ಷರದ ತೊಂದರೆ ಮಾತ್ರ ಮುಗಿಯುವುದಿಲ್ಲ. ಇದನ್ನು ಎಲ್ಲರೂ ತಿಳಿದಿರಲಿ ಅಂತಲೇ ಉದ್ದವಾಗಿ ಬರೆಯುತ್ತಿದ್ದೇನೆ. ಒತ್ತಕ್ಷರವನ್ನು ಒಡೆಯಬಾರದು ಅನ್ನುವ ನಿಯಮ ಯೂನಿಕೋಡ್‌ಗೆ ಬಂದದ್ದು 2023ರ 15.1 ಆವೃತ್ತಿಯಲ್ಲಿ. ದೇವನಾಗರಿ, ಬಂಗಾಳಿ, ಗುಜರಾತಿ, ಒಡಿಯಾ, ತೆಲುಗು, ಮಲಯಾಳಂ ಲಿಪಿಗಳು ಆ ನಿಯಮದೊಳಗೆ ಬಂದವು. ಕನ್ನಡ ಆ ಪಟ್ಟಿಯಲ್ಲಿರಲಿಲ್ಲ. ಹಾಗಾಗಿ ‘ಯಕ್ಷಗಾನ ಪ್ರದರ್ಶನ’ ಕೊಟ್ಟರೆ ಸೆಗ್ಮೆಂಟರ್ 12 ತುಂಡು ಕೊಡುತ್ತದೆ: ಕ್ ಬೇರೆ, ಷ ಬೇರೆ, ಪ್ ಬೇರೆ, ರ ಬೇರೆ. ಪಕ್ಕದ ತೆಲುಗಿನಲ್ಲಿ ಸರಿಯಾಗಿ ನಡೆಯುವ ಕೋಡ್ ನಮ್ಮಲ್ಲಿ ತಪ್ಪುವುದಕ್ಕೆ ಇದೇ ಕಾರಣ.

ಅದನ್ನು ನಾವೇ ಅಂಟಿಸಿಕೊಳ್ಳಬೇಕು. ಕಷ್ಟವೇನಿಲ್ಲ, ಒಂದು ಲೂಪ್ ಸಾಕು:

ಪ್ರತಿ ತುಂಡಿಗೂ ನೋಡು:
ಹಿಂದಿನ ತುಂಡಿನ ಕೊನೆಯ ಸಂಕೇತ 3277 ಆಗಿದ್ದು, ಈ ತುಂಡಿನ ಮೊದಲ ಸಂಕೇತ 3221ರಿಂದ 3257ರ ಒಳಗಿದ್ದರೆ, ಹಿಂದಿನದಕ್ಕೆ ಅಂಟಿಸು.
ಇಲ್ಲದಿದ್ದರೆ ಹೊಸ ತುಂಡಾಗಿ ಪಟ್ಟಿಗೆ ಸೇರಿಸು.

ಈ ಸಂಖ್ಯೆಗಳು ಯೂನಿಕೋಡ್‌ನವು, ಜಾವಾಸ್ಕ್ರಿಪ್ಟ್‌ನ ಚಾರ್ ಕೋಡ್ ಅಟ್ ಕೊಡುವಂಥವು. 3277 ಅಂದರೆ ಅರ್ಧಾಕ್ಷರದ ಚಿಹ್ನೆ. 3221 ಅಂದರೆ ಕ, 3257 ಅಂದರೆ ಹ, ನಮ್ಮ ವ್ಯಂಜನಗಳು ಇವೆರಡರ ನಡುವೆ ಇವೆ. ಎರಡನೆಯ ಷರತ್ತು ಯಾಕೆ ಅಂದರೆ, ‘ಬಸ್ ಬಂತು’ ಅನ್ನುವಲ್ಲಿ ಸ್ ಆದ ಮೇಲೆ ಬರುವುದು ಖಾಲಿ ಜಾಗ. ಅದನ್ನು ಸ್‌ಗೆ ಅಂಟಿಸಬಾರದು. ಲೂಪ್ ಮುಗಿದ ಮೇಲೆ ನಿಮ್ಮ ಶೀರ್ಷಿಕೆ ಸರಿಯಾಗಿ 9 ತುಂಡು ಆಗುತ್ತದೆ. ಬೇಕಾದಷ್ಟು ತಗೊಂಡು ಜೋಡಿಸಿ ಕೊನೆಗೆ ಮೂರು ಚುಕ್ಕಿ ಹಾಕಿ.

ನನ್ನನ್ನು ಕೇಳಿದರೆ ಅದಕ್ಕೂ ಮೊದಲು ಕೊನೆಯ ಖಾಲಿ ಜಾಗ ಎಲ್ಲಿದೆ ನೋಡಿ, ಸಾಧ್ಯವಾದರೆ ಪದದ ಗಡಿಯಲ್ಲೇ ನಿಲ್ಲಿಸಿ. ಓದಲು ಹಿತ. ಆದರೆ ‘ಮಾಡಿಕೊಳ್ಳಬೇಕಾಗಿರುವುದರಿಂದ’ ಅಂಥ ಪದ ಬಂದರೆ ಮಿತಿಯೊಳಗೆ ಖಾಲಿ ಜಾಗ ಸಿಗದೇ ಹೋಗಬಹುದು. ಆಗ ಅಕ್ಷರದ ಗಡಿಯಲ್ಲಿ ಕತ್ತರಿಸಿ.

ಪ್ರಶ್ನೆ (ಇನ್ನೊಬ್ಬರು): ನಾನು ಪಿಎಚ್‌ಪಿಯವನು. ನನಗೆ ‘ಪ್’ ಕೂಡ ಬರುವುದಿಲ್ಲ, ಕೊನೆಯಲ್ಲಿ ಕಪ್ಪು ವಜ್ರದೊಳಗೆ ಪ್ರಶ್ನಾರ್ಥಕ ಚಿಹ್ನೆ ಬರುತ್ತದೆ.

ಉತ್ತರ: ನೀವು ಸಬ್‌ಸ್ಟ್ರ್ ಹಾಕಿದ್ದೀರಿ. ಅದು ಬೈಟ್ ಎಣಿಸುತ್ತದೆ. ಸಂಕೇತಗಳನ್ನು ಬೈಟ್‌ಗಳಾಗಿ ಬರೆದಿಡುವ ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ 3 ಬೈಟ್. ಮೇಲಿನ ಅದೇ ಶೀರ್ಷಿಕೆ ಅಲ್ಲಿ 46 ಬೈಟ್ ಆಗುತ್ತದೆ. ಮೂರರ ಮಧ್ಯೆ ಕತ್ತರಿ ಬಿದ್ದರೆ ಆ ವಜ್ರ ಬರುತ್ತದೆ. ಎಂಬಿ ಸಬ್‌ಸ್ಟ್ರ್ ಹಾಕಿದರೆ ವಜ್ರ ಹೋಗುತ್ತದೆ, ಒಂಟಿ ‘ಪ್’ ಮತ್ತು ‘ಮಗ’ ಉಳಿಯುತ್ತವೆ. ಇಂಟ್ಲ್ ಎಕ್ಸ್‌ಟೆನ್ಶನ್ ಇದ್ದರೆ ಗ್ರಾಫೀಮ್ ಸಬ್‌ಸ್ಟ್ರ್ ಸಿಗುತ್ತದೆ. ಅದರಲ್ಲೂ ಒತ್ತಕ್ಷರ ಒಡೆಯುತ್ತದೆ, ಕತ್ತರಿಸಿದ ಮೇಲೆ ಕೊನೆಯಲ್ಲಿ 3277 ಇದೆಯಾ ನೋಡಿ, ಇರುವವರೆಗೂ ವ್ಯಂಜನದಿಂದ ಶುರುವಾಗುವ ಮುಂದಿನ ತುಂಡನ್ನೂ ಸೇರಿಸಿಕೊಳ್ಳಿ. ಡೇಟಾಬೇಸ್ ಯುಟಿಎಫ್8ಎಂಬಿ4 ಇರಲಿ. ಮೈಎಸ್‌ಕ್ಯುಎಲ್‌ನ ಹಳೆಯ ಯುಟಿಎಫ್8ನಲ್ಲಿ ಕನ್ನಡ ಹಿಡಿಸುತ್ತದೆ, ಇಮೋಜಿ ಹಿಡಿಸುವುದಿಲ್ಲ.

ಪ್ರಶ್ನೆ: ಹುಡುಕಾಟದಲ್ಲಿ ‘ಸಾಫ್ಟ್‌ವೇರ್’ ಒಮ್ಮೆ ಸಿಗುತ್ತದೆ, ಒಮ್ಮೆ ಸಿಗುವುದಿಲ್ಲ. ಅಕ್ಷರ ಅಕ್ಷರವಾಗಿ ನೋಡಿದೆ, ಎಲ್ಲ ಸರಿಯಿದೆ.

ಉತ್ತರ: ನಾನು ಮೇಲೆ ಹೇಳಿದ ಕಾಣದ ಸಂಕೇತ ಇದೇ. ‘ಟ್’ ಕೆಳಗೆ ವ ಒತ್ತಾಗಿ ಬೀಳದಿರಲಿ ಅಂತ ನಡುವೆ 8204 ಅನ್ನುವ ಸಂಕೇತ ಹಾಕುತ್ತೇವೆ. ಕೆಲವರು ಹಾಕುತ್ತಾರೆ, ಕೆಲವರು ‘ಸಾಫ್ಟ್ವೇರ್’ ಅಂತ ಬಿಡುತ್ತಾರೆ. ಕಂಪ್ಯೂಟರ್‌ಗೆ ಇವು ಎರಡು ಬೇರೆ ಪದ. ಇನ್ನೊಂದು ಕಾರಣವೂ ಇರಬಹುದು. ‘ಕೋಟೆ’ಯ ಓ-ಕಾರ ಒಂದೇ ಸಂಕೇತವಾಗಿ ಬರಬಹುದು, ಎ-ಕಾರ, ಊ-ಕಾರ, ದೀರ್ಘದ ಗುರುತು ಹೀಗೆ ಮೂರಾಗಿಯೂ ಬರಬಹುದು. ತೆರೆಯ ಮೇಲೆ ಎರಡೂ ಒಂದೇ. ಹುಡುಕಾಟಕ್ಕೆ ಪ್ರತ್ಯೇಕ ಕಾಲಂ ಇಡಿ. ಅದಕ್ಕೆ ಹಾಕುವ ಮೊದಲು ಪಠ್ಯವನ್ನು ನಾರ್ಮಲೈಸ್ ಮಾಡಿ, ಅಂದರೆ ಬಿಡಿ ಗುರುತುಗಳನ್ನು ಒಂದೇ ಸಂಕೇತಕ್ಕೆ ತನ್ನಿ (ಎನ್‌ಎಫ್‌ಸಿ), 8204 ಮತ್ತು ಅಂಥದ್ದೇ ಕಾಣದ ಸಂಕೇತ 8205 ತೆಗೆಯಿರಿ. ಬಳಕೆದಾರರು ಟೈಪ್ ಮಾಡಿದ್ದಕ್ಕೂ ಅದನ್ನೇ ಮಾಡಿ. ತೋರಿಸುವ ಪಠ್ಯದಿಂದ ಮಾತ್ರ ಅವನ್ನು ತೆಗೆಯಬೇಡಿ, ಬರೆದವರು ಬೇಕೆಂದೇ ಹಾಕಿದ್ದಾರೆ.

ಪ್ರಶ್ನೆ: ಲೈನ್ ಕ್ಲ್ಯಾಂಪ್ ಹಾಕಿದೆ. ಈಗ ‘ರಾಷ್ಟ್ರ’ದ ಒತ್ತುಗಳ ಕೆಳಭಾಗ ಕತ್ತರಿಸಿ ಹೋಗುತ್ತಿದೆ.

ಉತ್ತರ: ನಿಮ್ಮಲ್ಲಿ ಲೈನ್ ಹೈಟ್ (ಸಾಲಿನ ಎತ್ತರ) ಬಹುಶಃ 1.2 ಇದೆ, ಇಂಗ್ಲಿಷ್ ಥೀಮ್‌ನಿಂದ ಬಂದದ್ದು. ಎರಡೆರಡು ಒತ್ತು ಇರುವ ಅಕ್ಷರಕ್ಕೆ ಅಷ್ಟು ಜಾಗ ಸಾಲದು. 1.6 ಮಾಡಿ, ಸ್ವಲ್ಪ ಕೆಳಗೆ ಪ್ಯಾಡಿಂಗ್ ಕೊಡಿ. ಬಟನ್‌ಗಳ ಎತ್ತರವನ್ನು ಪಿಕ್ಸೆಲ್‌ನಲ್ಲಿ ಬಿಗಿ ಮಾಡಿದ್ದರೆ ಅದನ್ನೂ ಸಡಿಲಿಸಿ. ‘ಸ್ತ್ರೀ’, ‘ರಾಷ್ಟ್ರ’, ‘ವಸ್ತ್ರ’ ಈ ಮೂರನ್ನು ಇಟ್ಟುಕೊಂಡು ಪ್ರತಿ ಪುಟ ಪರೀಕ್ಷಿಸಿ.

ಪ್ರಶ್ನೆ (ಮೊದಲಿನವರು): ಕೊನೆಯದು. ಸದಸ್ಯರಿಗೆ ಎಸ್ಎಂಎಸ್ ಕಳಿಸಬೇಕು. ಅದಕ್ಕೂ ಇದೇ 9ರ ಲೆಕ್ಕ ಹಿಡಿಯಲಾ?

ಉತ್ತರ: ಬೇಡ. ಎಸ್ಎಂಎಸ್‌ಗೆ ಲೆಂಗ್ತ್ ಕೊಡುವ 16ರ ಲೆಕ್ಕವೇ ಸರಿ. ಸಾದಾ ಇಂಗ್ಲಿಷ್‌ನಲ್ಲಿ ಒಂದು ಸಂದೇಶಕ್ಕೆ 160 ಸಿಗುತ್ತದೆ, ಕನ್ನಡ ಬಂದ ಕೂಡಲೇ ಅದು 70ಕ್ಕೆ ಇಳಿಯುತ್ತದೆ. 70 ದಾಟಿದರೆ ಸಂದೇಶ ತುಂಡಾಗುತ್ತದೆ, ಆಗ ಒಂದೊಂದು ತುಂಡಿಗೂ 67 ಮಾತ್ರ. ದುಡ್ಡು ಕೂಡ ತುಂಡಿನ ಲೆಕ್ಕದಲ್ಲೇ ಹೋಗುವುದರಿಂದ ಶೀರ್ಷಿಕೆ, ದಿನಾಂಕ, ಜಾಗ ಇಷ್ಟೇ ಬರೆಯಿರಿ. ಕತ್ತರಿಸಲು ಮೇಲಿನ ಲೂಪನ್ನೇ ಬಳಸಿ, ಆದರೆ ತುಂಡುಗಳನ್ನು ಜೋಡಿಸುತ್ತಾ ಹೋಗುವಾಗ ಒಟ್ಟು ಲೆಂಗ್ತ್ 70 ದಾಟುವ ಮೊದಲು ನಿಲ್ಲಿಸಿ.