ಪೋಸ್ಟ್ ಬೇಸಿಕ್ ಸೇರುವ ವಿಚಾರವಾಗಿ ತಂಗಿಗೆ

ತಂಗೀ, ಜಿಎನ್‌ಎಂ ಎಂಬ ನರ್ಸಿಂಗ್ ಡಿಪ್ಲೊಮಾ ಮುಗಿಸಿ ಮಂಗಳೂರಿನ ಐಸಿಯುವಿನಲ್ಲಿ ಇಷ್ಟು ವರ್ಷ ದುಡಿದ ಮೇಲೆ ಡಿಪ್ಲೊಮಾದವರು ಪದವಿ ಪಡೆಯುವ ಪೋಸ್ಟ್ ಬೇಸಿಕ್ ಬಿಎಸ್ಸಿ ನರ್ಸಿಂಗ್ ಸೇರಬಹುದೇ, ತರಗತಿಗೆ ಬರಬೇಕಾಗಿಲ್ಲ ಎನ್ನುವ ಏಜೆಂಟನ ಮಾತನ್ನು ನಂಬಬಹುದೇ ಎಂದು ನೀನು ನಿನ್ನೆ ಗುಂಪಿನಲ್ಲಿ ಕೇಳಿದ್ದೆ. ಎರಡು ಮಕ್ಕಳಾದ ಮೇಲೆ ಇನ್ನೆಂಥ ಓದು ಎಂದು ಚಿಕ್ಕಮ್ಮ ಅದರ ಕೆಳಗೆ ಬರೆದಿದ್ದಾರೆ. ಚಿಕ್ಕಮ್ಮ ಬೇಸರಿಸಬಾರದು, ನೀನು ಓದಬೇಕು ಎಂದೇ ನನ್ನ ಅಭಿಪ್ರಾಯ. ಆದರೆ ಆ ಏಜೆಂಟನ ಮೂಲಕ ಖಂಡಿತ ಬೇಡ.

ಕೇರಳದ ಪಿಎಸ್‌ಸಿ (ಲೋಕಸೇವಾ ಆಯೋಗ) ಮೂಲಕ ಸರ್ಕಾರಿ ಸ್ಟಾಫ್ ನರ್ಸ್ ಆಗುವುದಷ್ಟೇ ನಿನ್ನ ಆಸೆಯಾದರೆ ಈ ಪದವಿಯೇ ಬೇಕೆಂದಿಲ್ಲ, ಜಿಎನ್‌ಎಂ ಮತ್ತು ಕೇರಳ ನರ್ಸಿಂಗ್ ಕೌನ್ಸಿಲ್ಲಿನ ನೋಂದಣಿ ಇದ್ದವರೂ ಅರ್ಜಿ ಹಾಕಬಹುದು. ನರ್ಸಿಂಗ್ ಕಾಲೇಜಿನಲ್ಲಿ ಪಾಠ ಹೇಳಬೇಕು, ಎಂಎಸ್ಸಿ ಮಾಡಬೇಕು, ಮುಂದೆ ಆಡಳಿತದ ಹುದ್ದೆಗೆ ಏರಬೇಕು ಎಂದಿದ್ದರೆ ಮಾತು ಬೇರೆ. ಎಂಎಸ್ಸಿಗೆ ಪದವಿಯಲ್ಲಿ ಕನಿಷ್ಠ 55 ಶೇಕಡಾ ಅಂಕ ಮತ್ತು ಒಂದು ವರ್ಷದ ಅನುಭವ ಕೇಳುತ್ತಾರೆ. ಪೋಸ್ಟ್ ಬೇಸಿಕ್‌ನವರಿಗೆ ಆ ಅನುಭವ ಪದವಿಗೆ ಮೊದಲಿನದ್ದಾದರೂ ನಡೆಯುವುದರಿಂದ ನಿನ್ನ ಐಸಿಯು ವರ್ಷಗಳು ವ್ಯರ್ಥವಾಗುವುದಿಲ್ಲ.

ಪೋಸ್ಟ್ ಬೇಸಿಕ್ 2 ವರ್ಷಗಳ ಪೂರ್ಣಾವಧಿ ಕೋರ್ಸ್, ಕ್ಲಿನಿಕಲ್ ಗಂಟೆಗಳನ್ನು ವಾರ್ಡಿನಲ್ಲಿ ನಿಂತೇ ತುಂಬಿಸಬೇಕು. ಬಾರದವರ ಹಾಜರಿಯನ್ನು ಬರೆದುಕೊಡುವ ಕಾಲೇಜಿನ ಪ್ರಮಾಣಪತ್ರ ನಾಳೆ ಪರಿಶೀಲನೆಗೆ ಬಂದರೆ, ಅದೇ ಅವಧಿಯಲ್ಲಿ ನೀನು ಆಸ್ಪತ್ರೆಯಲ್ಲಿ ಸಂಬಳ ಪಡೆದ ದಾಖಲೆಯೂ ಪಿಎಫ್ ಖಾತೆಯಲ್ಲಿ ಇದ್ದೇ ಇರುತ್ತದೆ. ಆಗ ಏಜೆಂಟ್ ಫೋನ್ ಎತ್ತುವುದಿಲ್ಲ.

ಓದಿನಲ್ಲಿ ಕಷ್ಟವಾಗುವುದು ನೀನು ಹೆದರಿರುವ ಇಂಗ್ಲಿಷ್ ಅಲ್ಲ. ಕಾಸರಗೋಡಿನ ಕನ್ನಡ ಮಾಧ್ಯಮದಿಂದ ಬಂದ ನಮಗೆಲ್ಲ ಆ ಹೆದರಿಕೆ ಇತ್ತು, ಕೆಲವೇ ತಿಂಗಳಲ್ಲಿ ಅದು ಕಳೆಯುತ್ತದೆ. ವೆಂಟಿಲೇಟರಿನ ಅಲಾರಂ ಕೂಗಿದರೆ ಟ್ಯೂಬಿನಲ್ಲಿ ಕಫ ಕಟ್ಟಿದೆಯೋ, ರೋಗಿ ಟ್ಯೂಬನ್ನು ಕಚ್ಚಿ ಹಿಡಿದಿದ್ದಾನೋ ಎಂದು ನೀನು ಮಂಚದ ಬಳಿ ಹೋದೊಡನೆ ಹೇಳಬಲ್ಲೆ. ಅದನ್ನೇ ರೋಗಿಯ ಆರೈಕೆಯನ್ನು ಹಂತಹಂತವಾಗಿ ಬರೆಯುವ ಕೇರ್ ಪ್ಲಾನಿನಲ್ಲಿ ಅಸೆಸ್‌ಮೆಂಟ್, ಡಯಾಗ್ನೋಸಿಸ್, ಗೋಲ್, ಇಂಟರ್‌ವೆನ್ಶನ್, ಇವ್ಯಾಲ್ಯುಯೇಷನ್ ಎಂದು ಬಿಡಿಸಿ, ಪ್ರತಿಯೊಂದಕ್ಕೂ ಕಾರಣ ಬರೆಯಲು ಕುಳಿತಾಗ ಪೆನ್ನು ಮುಂದೆ ಹೋಗುವುದಿಲ್ಲ. ಎರಡನೆಯ ವರ್ಷದ ರಿಸರ್ಚ್ ಮತ್ತು ಸ್ಟ್ಯಾಟಿಸ್ಟಿಕ್ಸ್‌ಗೆ ಮೊದಲೇ ಯಾರಿಂದಲಾದರೂ ಹೇಳಿಸಿಕೋ. ಊರ ಜನರ ನಡುವೆ ಮಾಡುವ ಕಮ್ಯುನಿಟಿ ಪೋಸ್ಟಿಂಗಿನಲ್ಲಿ ಮಾತ್ರ ಮನೆಮನೆಗೆ ಹೋಗಿ ತುಳು, ಕನ್ನಡ, ಮಲಯಾಳ ಮೂರರಲ್ಲೂ ಮಾತನಾಡಬಲ್ಲ ನಮ್ಮವರಿಗೆ ಸರಿಸಾಟಿ ಇಲ್ಲ.

ಮಂಗಳೂರಿನಲ್ಲಿ ಸೇರುವುದಾದರೆ ಕಾಲೇಜು ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೋ ಬೇರೆ ಮಾನ್ಯ ವಿಶ್ವವಿದ್ಯಾಲಯಕ್ಕೋ ಸೇರಿದೆಯೇ, ಭಾರತೀಯ ಶುಶ್ರೂಷಾ ಪರಿಷತ್ತಿನ ಮಾನ್ಯತೆ ಈ ಕೋರ್ಸಿಗೇ ಇದೆಯೇ ಎಂದು ನೋಡು, ಸಾಮಾನ್ಯ ಬಿಎಸ್ಸಿ ನರ್ಸಿಂಗಿಗೆ ಇರುವ ಮಾನ್ಯತೆಯನ್ನು ತೋರಿಸಿ ಇದಕ್ಕೂ ಇದೆ ಎನ್ನುವವರಿದ್ದಾರೆ. ಮುಂದೆ ಕೇರಳದಲ್ಲಿರುವ ನಮ್ಮ ಊರಿನಲ್ಲೇ ಕೆಲಸ ಮಾಡುವುದಾದರೆ ಪದವಿಯನ್ನು ಕೇರಳ ಕೌನ್ಸಿಲ್ಲಿನಲ್ಲೂ ನೋಂದಾಯಿಸಬೇಕಾಗುತ್ತದೆ. ಕುಂಬಳೆಯಿಂದ ಬೆಳಗ್ಗಿನ ರೈಲಿನಲ್ಲಿ ಹೋಗಿಬರಬಹುದು, ಕುಳಿತುಕೊಳ್ಳಲು ಜಾಗ ಸಿಗುತ್ತದೆಂದು ಮಾತ್ರ ಎಣಿಸಬೇಡ.

ಎರಡು ವರ್ಷ ಸಂಬಳವಿಲ್ಲದೆ ಮನೆ ಹೇಗೆ ನಡೆಯುತ್ತದೆ ಎಂಬುದನ್ನು ಭಾವನೊಡನೆ ಕುಳಿತು ಲೆಕ್ಕ ಹಾಕು. ರಾಜೀನಾಮೆ ಕೊಡುವ ಮೊದಲು ನರ್ಸಿಂಗ್ ಸೂಪರಿಂಟೆಂಡೆಂಟರಲ್ಲಿ ಓದಿಗಾಗಿ ರಜೆ ಸಿಗುತ್ತದೆಯೇ ಎಂದು ಕೇಳು, ನಿನ್ನ ಮೂಲ ಪ್ರಮಾಣಪತ್ರಗಳು ಆಸ್ಪತ್ರೆಯಲ್ಲಿದ್ದರೆ ಅವನ್ನು ಮೊದಲು ಬಿಡಿಸಿಕೋ. ಭಾನುವಾರ ಬರುವಾಗ ಅಂಕಪಟ್ಟಿ ಮತ್ತು ನೋಂದಣಿ ಪತ್ರ ತಂದರೆ ಅರ್ಜಿಯನ್ನು ಒಟ್ಟಿಗೆ ತುಂಬಿಸೋಣ.