ಓಣಿ ಆಚೆ ಇದ್ದೀನಿ ಅಂತ ನಾನು ‘ಬಾಜುದಾರಳು’ ಅಲ್ವಂತೆ. ಕಲ್ಯಾಣ ಮಂಟಪಕ್ಕೆ ಆಕ್ಷೇಪಣೆ ಕೊಡಬಹುದಾ?

ಓಣಿಮನೆ ಟೀಚರ್ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಪ್ರೈಮರಿ ಶಾಲೆ ಟೀಚರ್ ಆಗಿ ರಿಟೈರ್ ಆದವಳು. ನಮ್ಮದು ಪುರಸಭೆ ಊರು, ಹೆಸರು ಬೇಡ. 30-40 ಸೈಟು, ಮನೆ ಕಟ್ಟಿ 22 ವರ್ಷ. ಮನೆ ಹಿಂದೆ 12 ಅಡಿ ಓಣಿ, ಓಣಿ ಆಚೆ ಒಂದು ಎಕರೆ ಚಿಲ್ಲರೆ ತೆಂಗಿನ ತೋಟ ಇತ್ತು. ಸಂಕ್ರಾಂತಿ ಕಳೆದ ವಾರವೇ ಮರ ಎಲ್ಲಾ ಉರುಳಿಸಿದರು. ಆ ಜಾಗ ಕೃಷಿಯಿಂದ ವಾಸಕ್ಕೆ ಅಂತ ಕನ್ವರ್ಷನ್ ಆಗಿ ಎಷ್ಟೋ ವರ್ಷ ಆಗಿದೆಯಂತೆ. ಈಗ ಅಲ್ಲಿ ಕಲ್ಯಾಣ ಮಂಟಪ ಬರುತ್ತಂತೆ. ಅಡುಗೆಮನೆ, ಜನರೇಟರ್ ರೂಮು ಎರಡೂ ಓಣಿ ಕಡೆಗೇ, ಅಂದ್ರೆ ನಮ್ಮ ಮಲಗೋ ಕೋಣೆ ಕಿಟಕಿಗೆ ನೇರ.

ತೋಟದ ಸರ್ವೆ ಆದಾಗ ಬಡಗಣ ಬೇಲಿಗೆ ಅಂಟಿಕೊಂಡ ಮನೆಯವರಿಗೆ ‘ಬಾಜುದಾರರು’ ಅಂತ ನೋಟಿಸ್ ಬಂದಿತ್ತು. ನನಗೆ ಬರಲಿಲ್ಲ, ಆಗ ಯೋಚನೆಯೂ ಮಾಡಲಿಲ್ಲ. ಮೊನ್ನೆ ಆಫೀಸಿಗೆ ಅರ್ಜಿ ಹಿಡ್ಕೊಂಡು ಹೋದ್ರೆ ಗುಮಾಸ್ತರು ನನ್ನ ಕ್ರಯಪತ್ರ ತಿರುವಿ ಚಕ್ಕುಬಂದಿ (ನಾಲ್ಕು ದಿಕ್ಕಿಗೆ ಏನಿದೆ ಅನ್ನೋ ವಿವರ) ಮೇಲೆ ಬೆರಳಿಟ್ಟರು. “ಪಶ್ಚಿಮಕ್ಕೆ ಓಣಿ ಅಂತ ಇದೆ ನೋಡಿ ಮೇಡಂ, ತೋಟ ಅಂತ ಇಲ್ಲ. ನೀವು ಬಾಜುದಾರರೇ ಅಲ್ಲ, ತಕರಾರು ಹೇಗೆ ತಗೊಳ್ಳೋದು?” ಮೂವತ್ತೈದು ವರ್ಷ ಮಕ್ಕಳಿಗೆ ದಿಕ್ಕು ಕಲಿಸಿದವಳು, ಬಾಯಿ ಮುಚ್ಕೊಂಡು ಬಂದೆ.

ಇನ್ನೊಂದು ವಿಷಯ. ಊರಲ್ಲಿ ಈಗಾಗಲೇ ಇರೋ ಛತ್ರದ ಯಜಮಾನರು ಮನೆಗೇ ಬಂದು “ಕೇಸ್ ಹಾಕಿ ಟೀಚರ್, ವಕೀಲರ ಫೀಸು ನನಗಿರಲಿ” ಅಂದರು. ಕಾಫಿ ಕೊಟ್ಟು ಕಳಿಸಿದ್ದೀನಿ, ಉತ್ತರ ಕೊಟ್ಟಿಲ್ಲ.

ಕಾನೂನಲ್ಲಿ ಅಕ್ಕಪಕ್ಕದವರು ಅಂದ್ರೆ ಗೋಡೆ ತಾಗಿದವರು ಮಾತ್ರಾನಾ?

ಸರಪಳಿ ಹಿಡಿದವ:

ಟೀಚರ್, ನಾನು ಸರ್ವೆ ಇಲಾಖೆಯಲ್ಲಿ ಸವೆದವನು. ಬಾಜುದಾರ ಅನ್ನೋದು ನಮ್ಮ ಪದ, ಅದನ್ನ ಅವರು ತಪ್ಪು ಜಾಗಕ್ಕೆ ಎಳೆದಿದ್ದಾರೆ. ಹದ್ದುಬಸ್ತಿಗೋ (ಗಡಿ ಗುರುತಿಸೋಕೆ) ಪೋಡಿಗೋ (ಜಮೀನು ಭಾಗ ಮಾಡೋಕೆ) ಹೋದಾಗ ಕಲ್ಲು ಒಂದಡಿ ಆಚೆ ನೆಟ್ಟರೆ ಯಾರ ಜಮೀನು ಹೋಗುತ್ತೆ? ತಾಗಿಕೊಂಡವನದ್ದು. ಅದಕ್ಕೇ ಅವನಿಗೆ ನೋಟಿಸು, ಅವನ ಎದುರಿಗೇ ಅಳತೆ, ಅವನ ಹೇಳಿಕೆಗೆ ಸಹಿ. ಅಲ್ಲಿಗೆ ನಮ್ಮ ಕೆಲಸ ಮುಗೀತು. ಆ ಜಾಗದಲ್ಲಿ ಮನೆ ಕಟ್ತಾರೋ ಮಂಟಪ ಕಟ್ತಾರೋ ಸರ್ವೆಯವನು ಕೇಳಲ್ಲ. ಗಡಿ ಒತ್ತುವರಿಗೆ ಗಡಿ ತಾಗಬೇಕು. ರಾತ್ರಿ ಜನರೇಟರ್ ಸದ್ದಿಗೆ ಚಕ್ಕುಬಂದಿ ಯಾಕೆ ಬೇಕು?

ಮೂಲೆಸೈಟು:

ಎಲ್ಲದಕ್ಕೂ ತಕರಾರು ಅಂದ್ರೆ ಊರು ಬೆಳೆಯೋದು ಹೇಗೆ? ಮೇಡಂ, ನಿಮ್ಮ ಮನೆ ಮದುವೆಗಳು ಎಲ್ಲಿ ಆದವು?

ಓಣಿಮನೆ ಟೀಚರ್:

ಛತ್ರದಲ್ಲೇ ಆದವು. ಅದರ ಹಿಂದೆ ಯಾರ ಕಿಟಕಿ ಇತ್ತೋ ನಾನೂ ನೋಡಿರಲಿಲ್ಲ, ಒಪ್ಕೋತೀನಿ. ಆದ್ರೆ ಕೇಳೋ ಹಕ್ಕು ನನಗಿದೆಯಾ ಅನ್ನೋದು ಪ್ರಶ್ನೆ.

ಕರಿಕೋಟು:

ಇದೆ. ಆದ್ರೆ ಮೊದಲು ಒಂದು ಪತ್ತೆ ಮಾಡಿ. ಮಾಸ್ಟರ್ ಪ್ಲಾನಿನಲ್ಲಿ, ಅಂದ್ರೆ ಊರಿನ ಯಾವ ಜಾಗ ಯಾವುದಕ್ಕೆ ಅಂತ ತೋರಿಸೋ ಯೋಜನೆಯಲ್ಲಿ, ಆ ಜಾಗ ಯಾವ ವಲಯ? ಅದರ ವಲಯ ನಿಯಮಗಳು ವಾಸದ ವಲಯದಲ್ಲೂ ಕಲ್ಯಾಣ ಮಂಟಪಕ್ಕೆ ಅವಕಾಶ ಕೊಟ್ಟಿವೆಯಾ, ಕೊಟ್ಟಿದ್ದರೆ ಮುಂದಿನ ರಸ್ತೆ ಎಷ್ಟು ಅಗಲ ಇರಬೇಕು, ಪಾರ್ಕಿಂಗ್ ಎಷ್ಟು ಬಿಡಬೇಕು? ಇದು ಊರಿಂದೂರಿಗೆ ಬೇರೆ. ಅವಕಾಶ ಇದ್ದರೆ ನಿಮ್ಮ ವಾದ ರಸ್ತೆ, ಸೆಟ್‌ಬ್ಯಾಕು (ಕಟ್ಟಡದ ಸುತ್ತ ಬಿಡಬೇಕಾದ ಜಾಗ), ಪಾರ್ಕಿಂಗಿಗೇ ಸೀಮಿತ.

ಅವಕಾಶ ಇಲ್ಲದಿದ್ದರೆ ಅವರು ಭೂ ಉಪಯೋಗ ಬದಲಾಯಿಸಿಕೊಳ್ಳಬೇಕು. ಅದು ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ, 1961ರ ಕಲಂ 14-ಎ. ಪ್ರಸ್ತಾವವನ್ನು ದಿನಪತ್ರಿಕೆಯಲ್ಲಿ ಹಾಕಿಸಿ ಆಕ್ಷೇಪಣೆ ಕರೀಬೇಕು. ಯಾರಿಂದ? ‘ಸಾರ್ವಜನಿಕರಿಂದ’. ಪಕ್ಕದವರಿಂದ ಅಂತಿಲ್ಲ, ಬಾಜುದಾರರಿಂದ ಅಂತಲೂ ಇಲ್ಲ. ಗುಮಾಸ್ತರು ನಿಮ್ಮ ಕ್ರಯಪತ್ರ ತಿರುವಿದ್ದೇ ದಂಡ. ಮನೆ ಬಾಗಿಲಿಗೆ ನೋಟಿಸ್ ಬರಲ್ಲ ಅನ್ನೋದು ಇದರ ಇನ್ನೊಂದು ಮುಖ. ಪೇಪರ್ ನೋಡದವನ ಹದಿನೈದು-ಮೂವತ್ತು ದಿನ ಸುಮ್ಮನೆ ಕಳೆದುಹೋಗುತ್ತೆ.

ಕೋರ್ಟಿನವರೆಗೆ ಹೋದರೆ ಪ್ರಶ್ನೆ ‘ಬಾಧಿತ ವ್ಯಕ್ತಿ ಯಾರು’, ಅಂದ್ರೆ ಪೆಟ್ಟು ಬಿದ್ದು ಕೇಳೋ ಹಕ್ಕಿರೋದು ಯಾರಿಗೆ ಅನ್ನೋದು. ಇದಕ್ಕೆ ನಮ್ಮ ನೆಲದ್ದೇ ಎರಡು ತೀರ್ಪು ಇವೆ. ಉಡುಪಿಯದು ಕೆ. ರಾಮದಾಸ ಶೆಣೈ ಕೇಸು, ಸುಪ್ರೀಂ ಕೋರ್ಟ್, 1974. ತಮಾಷೆ ಅಂದ್ರೆ ಅಲ್ಲಿ ಕಲ್ಯಾಣ ಮಂಟಪಕ್ಕೆ ಅಂತ ಲೈಸೆನ್ಸ್ ತಗೊಂಡು ಆಮೇಲೆ ಸಿನಿಮಾ ಟಾಕೀಸ್ ಮಾಡಲು ಹೊರಟಿದ್ದರು. ವಾಸದ ಪ್ರದೇಶದ ನಿವಾಸಿಯೊಬ್ಬರು ತಡೆದರು. ಪುರಸಭೆ ಕೊಟ್ಟ ಅನುಮತಿ ಸರಿಯಿಲ್ಲ ಅಂತ ಹೈಕೋರ್ಟಿಗೂ ಅನಿಸಿತ್ತು, ಆದರೆ ಕಟ್ಟಿದವರು ತುಂಬಾ ದುಡ್ಡು ಸುರಿದಿದ್ದಾರೆ ಅಂತ ಕೈಬಿಟ್ಟಿತು. ಸುಪ್ರೀಂ ಕೋರ್ಟ್ ಒಪ್ಪಲಿಲ್ಲ: ಯೋಜನೆಗೆ ವಿರುದ್ಧವಾದ ಕಟ್ಟಡ ಅಲ್ಲಿ ವಾಸಿಸುವವರು ತಮ್ಮ ಆಸ್ತಿಯನ್ನು ಅನುಭವಿಸುವ ಹಕ್ಕಿಗೇ ಪೆಟ್ಟು, ದುಡ್ಡು ಖರ್ಚಾಯ್ತು ಅಂತ ಅಕ್ರಮ ಸಕ್ರಮ ಆಗಲ್ಲ. ಎರಡನೇದು 1991ರ ಬೆಂಗಳೂರು ಮೆಡಿಕಲ್ ಟ್ರಸ್ಟ್ ಕೇಸು. ರಾಜಮಹಲ್ ವಿಲಾಸ್ ಬಡಾವಣೆಯಲ್ಲಿ ಪಾರ್ಕಿಗೆ ಬಿಟ್ಟ ಜಾಗವನ್ನ ಖಾಸಗಿ ನರ್ಸಿಂಗ್ ಹೋಮಿಗೆ ಕೊಟ್ಟಿದ್ದರು. ಕೇಳೋಕೆ ನಿವಾಸಿಗಳು ಯಾರು ಅನ್ನೋ ವಾದ ಅಲ್ಲೂ ಬಂತು, ನಿಲ್ಲಲಿಲ್ಲ. ಪಾರ್ಕಿಗೆ ಗೋಡೆ ತಾಗಿದೆಯಾ ಅಂತ ಯಾರೂ ಟೇಪ್ ಹಿಡಿಯಲಿಲ್ಲ.

ಇನ್ನು ಛತ್ರದ ಯಜಮಾನರು. ದಯವಿಟ್ಟು ಅವರನ್ನ ಕಾಫಿಗೇ ನಿಲ್ಲಿಸಿ. ಜಸ್‌ಭಾಯಿ ಮೋತಿಭಾಯಿ ದೇಸಾಯಿ ಕೇಸಿನಲ್ಲಿ ಒಬ್ಬ ಟಾಕೀಸಿನ ಮಾಲೀಕ ಇನ್ನೊಂದು ಟಾಕೀಸಿಗೆ ಕೊಟ್ಟ ಎನ್‌ಒಸಿ (ನಿರಾಕ್ಷೇಪಣಾ ಪತ್ರ) ಪ್ರಶ್ನಿಸಿದ. ವ್ಯಾಪಾರ ಕಮ್ಮಿ ಆಗುತ್ತೆ ಅನ್ನೋದು ಕಾನೂನಿನ ಬಾಧೆ ಅಲ್ಲ, ನೀನು ಬಾಧಿತನೇ ಅಲ್ಲ ಅಂತ ಸುಪ್ರೀಂ ಕೋರ್ಟ್ ವಾಪಸ್ ಕಳಿಸಿತು. ನೀವು ಕಿಟಕಿ ತೋರಿಸಿ ನಿಲ್ಲುವ ಜಾಗದಲ್ಲಿ ಅವರು ಗಲ್ಲಾಪೆಟ್ಟಿಗೆ ಇಟ್ಕೊಂಡು ನಿಂತರೆ ಎದುರು ವಕೀಲರಿಗೆ ಹಬ್ಬ. ಫೀಸು ಯಾರು ಕೊಟ್ಟರು ಅನ್ನೋದು ಹೇಗಾದರೂ ಹೊರಗೆ ಬರುತ್ತೆ.

ಹಿತ್ತಲಗಿಡ:

ನಾವು ಬೇರೆ ಊರಲ್ಲಿ ಇಂಥದ್ದೇ ಕೇಸಲ್ಲಿ ಸೋತವರು, ಮೋಲ್ಡಿಂಗ್ ಆಗೋವರೆಗೆ ಕಾದಿದ್ದೇ ತಪ್ಪು. ಅರ್ಜಿಯನ್ನ ಗುಮಾಸ್ತರ ಕೈಗೆ ಕೊಡಬೇಡಿ. ಆಫೀಸಿನ ಟಪಾಲು ವಿಭಾಗದಲ್ಲಿ ಕೊಟ್ಟು ನಿಮ್ಮ ಪ್ರತಿಗೆ ಸೀಲು, ತಾರೀಕು ಹಾಕಿಸಿ. ಮಂಜೂರಾದ ನಕ್ಷೆಗೆ ಆರ್‌ಟಿಐ ಅವತ್ತೇ ಹಾಕಿ, ಉತ್ತರಕ್ಕೇ 30 ದಿನ ಬೇಕು. ಸದ್ದಿನ ವಿಷಯ ಬರೆಯುವಾಗ ‘ತುಂಬಾ ಗಲಾಟೆ’ ಅಂತ ಬರೀಬೇಡಿ. ವಾಸದ ಪ್ರದೇಶಕ್ಕೆ ಹಗಲು 55 ಡೆಸಿಬಲ್, ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ 45, ಇದು 2000ದ ಶಬ್ದ ಮಾಲಿನ್ಯ ನಿಯಮ. ಸಂಖ್ಯೆ ಇದ್ದರೆ ಫೈಲಿನಲ್ಲಿ ಉಳಿಯುತ್ತೆ.

ಓಣಿಮನೆ ಟೀಚರ್:

ಸೋಮವಾರ ಹೋಗಿದ್ದೆ. ಮಾಸ್ಟರ್ ಪ್ಲಾನ್ ನಕ್ಷೆ ಗೋಡೆ ಮೇಲೇ ತೂಗುಹಾಕಿದ್ದರು, ಬೀರು ಅರ್ಧ ಮುಚ್ಚಿತ್ತು. ನಮ್ಮ ಬೀದಿ ಹಳದಿ, ತೋಟವೂ ಹಳದಿ, ಅಂದ್ರೆ ವಾಸ. ಮಂಟಪಕ್ಕೆ ಉಪಯೋಗ ಬದಲಾವಣೆ ಕೇಳಿದಾರೆ, ಪೇಪರಲ್ಲೂ ಬಂದಿದೆ, ನಾನು ತರಿಸದ ಪೇಪರು. ಗ್ರಂಥಾಲಯದಲ್ಲಿ ಹಳೇ ಕಟ್ಟು ಬಿಚ್ಚಿಸಿ ನೋಡಿದೆ, ಬೆರಳುಗಾತ್ರದ ನೋಟಿಸು, ಟೆಂಡರ್‌ಗಳ ಮಧ್ಯೆ. ಇನ್ನೂ ಆರು ದಿನ ಇತ್ತು.

ಅರ್ಜಿಯಲ್ಲಿ ಬಾಜುದಾರಳು ಅಂತ ಬರೀಲಿಲ್ಲ. ‘ಓಣಿಯಾಚೆ ವಾಸವಿರುವ ಬಾಧಿತಳು’ ಅಂತ ಬರೆದೆ. ಇನ್ನೂ ಹನ್ನೊಂದು ಮನೆಯವರು ಸಹಿ ಹಾಕಿದರು, ಅದರಲ್ಲಿ ಇಬ್ಬರು ಬಾಡಿಗೆಯವರು. ಛತ್ರದ ಯಜಮಾನರಿಗೆ ಬೇಡ ಅಂತ ಫೋನಲ್ಲೇ ಹೇಳಿದೆ, ಬೇಜಾರಾಗಿದಾರೆ. ಗುಮಾಸ್ತರು ಸೀಲು ಒತ್ತುವಾಗ ತಲೆ ಎತ್ತಲಿಲ್ಲ. ಬರುವಾಗ ಟೇಪ್ ಹಿಡಿದು ಓಣಿ ಅಳೆದೆ. ಹನ್ನೆರಡಡಿ ಇಲ್ಲ, ಹನ್ನೊಂದಡಿ ನಾಲ್ಕಂಗುಲ.