ಆಡಿಯೋ ಕಂಪನಿ ಕರೆದಿದೆ, ಸಹಿ ಹಾಕಬೇಕಾ?

ತುಂಗಾ_ಸಿಂಥ್:
ನಾವು ತೀರ್ಥಹಳ್ಳಿ ಕಡೆಯ ಮೂವರು. ಗಿಟಾರ್, ಡ್ರಮ್ಸ್, ಜೊತೆಗೆ ನನ್ನ ಸಿಂಥ್ ಮತ್ತು ಲ್ಯಾಪ್‌ಟಾಪ್. ಐದು ವರ್ಷದಿಂದ ಕನ್ನಡದಲ್ಲಿ ಎಲೆಕ್ಟ್ರಾನಿಕ್ ರಾಕ್ ಮಾಡುತ್ತಿದ್ದೇವೆ. ಮಳೆಗಾಲದಲ್ಲಿ ಅಡಿಕೆ ಸುಲಿಯುವ ಶೆಡ್ ಖಾಲಿ ಇರುತ್ತದೆ, ಅಲ್ಲೇ ಪ್ರಾಕ್ಟೀಸ್. ಕೊಯ್ಲು ಶುರುವಾದರೆ ಶೆಡ್ಡೂ ಇಲ್ಲ, ಡ್ರಮ್ಸ್‌ನವನೂ ಇಲ್ಲ, ಅವನಿಗೂ ತೋಟ ಇದೆ. ಒಂಬತ್ತು ಹಾಡು ನಾವೇ ರೆಕಾರ್ಡ್ ಮಾಡಿ ಹಾಕಿದ್ದೇವೆ. ಈಗ ಬೆಂಗಳೂರಿನ ಒಂದು ಆಡಿಯೋ ಕಂಪನಿ 60 ಸಾವಿರ ಕೊಡುತ್ತೇವೆ, ಎಲ್ಲಾ ಹಾಡಿನ ಮಾಸ್ಟರ್ ಹಕ್ಕು, ಅಂದರೆ ರೆಕಾರ್ಡಿಂಗಿನ ಒಡೆತನ, ಶಾಶ್ವತವಾಗಿ ನಮಗೆ ಬರೆದುಕೊಡಿ ಅನ್ನುತ್ತಿದೆ. ಗಿಟಾರ್‌ನವನಿಗೆ ಸಹಿ ಹಾಕುವ ಆಸೆ. ಇದೂ ಒಂದು ಕೆಲಸ ಅಂತ ಅವನ ಮನೆಯವರಿಗೆ ತೋರಿಸಲು ಒಂದು ಕಾಗದ ಬೇಕು. ಏನು ಮಾಡೋದು?

ದುರ್ಗಿಗುಡಿ_ಬೇಸ್:
ಹಾಕಬೇಡಿ ಮಾರಾಯ. ನಮ್ಮ ಬ್ಯಾಂಡ್ ಹಾಕಿತ್ತು. ಎರಡು ವರ್ಷ ಹಾಡು ಬಿಡುಗಡೆಯೇ ಆಗಲಿಲ್ಲ, ಸುಮ್ನೆ ಕೂತಿತು. ನಾವೇ ಮತ್ತೆ ರೆಕಾರ್ಡ್ ಮಾಡೋಣ ಅಂದರೆ ಒಪ್ಪಂದದಲ್ಲಿ ಅದಕ್ಕೂ ಅಡ್ಡಿ ಇತ್ತು. ಆಮೇಲೆ ಒಬ್ಬೊಬ್ಬರೇ ಬಿಟ್ಟು ಹೋದೆವು. ಈಗಲೂ ನೆನೆದರೆ ಹೊಟ್ಟೆ ಉರಿಯುತ್ತದೆ.

ಮಲೆನಾಡ_ಮಿಕ್ಸಿಂಗ್:
ಒಂದು ಹಾಡಿನಲ್ಲಿ ಎರಡು ಹಕ್ಕು ಇರುತ್ತದೆ. ರೆಕಾರ್ಡಿಂಗಿನದ್ದು ಒಂದು, ಅದೇ ಮಾಸ್ಟರ್. ಸಾಹಿತ್ಯ ಮತ್ತು ರಾಗದ್ದು ಇನ್ನೊಂದು. 2012ರಲ್ಲಿ ಕಾಪಿರೈಟ್ ಕಾಯ್ದೆ ತಿದ್ದಿದ ಮೇಲೆ, ಬರೆದವರು ಮತ್ತು ರಾಗ ಹಾಕಿದವರು ತಮ್ಮ ರಾಯಲ್ಟಿ (ಹಾಡು ಬಳಸಿದಾಗ ಬರುವ ಹಣ) ಪಾಲನ್ನು ಕಂಪನಿಗೆ ಬಿಟ್ಟುಕೊಟ್ಟೆ ಅಂತ ಸಹಿ ಹಾಕಿದರೂ ಅದು ನಡೆಯುವುದಿಲ್ಲ. ಆ ಹಣ ವಸೂಲಿ ಮಾಡಿ ಹಂಚುವ ಸಂಸ್ಥೆಯಾದ ಐಪಿಆರ್‌ಎಸ್ ಸದಸ್ಯರಾಗಿ. ಮಾಸ್ಟರ್‌ಗೆ ಈ ರಕ್ಷಣೆ ಇಲ್ಲ, ಎಚ್ಚರ. ಇನ್ನೊಂದು ವಿಷಯ: ಹಕ್ಕು ಬರೆದುಕೊಡುವ ಕಾಗದದಲ್ಲಿ ಅವಧಿ ಹೇಳದಿದ್ದರೆ ಕಾನೂನಿನ ಪ್ರಕಾರ 5 ವರ್ಷ ಅಷ್ಟೇ, ಎಲ್ಲಿಗೆ ಅಂತ ಹೇಳದಿದ್ದರೆ ಭಾರತಕ್ಕೆ ಮಾತ್ರ. ಅವರು 'ಶಾಶ್ವತ' ಅಂತ ಬರೆಸುವುದು ಇದಕ್ಕೇ. ನೀವು ಹಕ್ಕು ಇಟ್ಟುಕೊಂಡು ಮೂರು ವರ್ಷಕ್ಕೆ ಲೈಸೆನ್ಸ್ ಕೊಡಿ. ಫಸಲು ಚೇಣಿಗೆ (ಗುತ್ತಿಗೆಗೆ) ಕೊಡೋದು ಬೇರೆ, ತೋಟವನ್ನೇ ಮಾರೋದು ಬೇರೆ, ಅಲ್ವಾ?

ಸಾಗರದ_ಹುಡುಗಿ:
ಆನ್‌ಲೈನ್ ಹಣ ನಂಬಿ ಕೂರಬೇಡಿ. 2024ರಿಂದ ಸ್ಪಾಟಿಫೈನಲ್ಲಿ 12 ತಿಂಗಳಲ್ಲಿ 1000 ಸಲ ಕೇಳದ ಹಾಡಿಗೆ ರೆಕಾರ್ಡಿಂಗಿನ ರಾಯಲ್ಟಿ ಸಿಗುವುದಿಲ್ಲ. ನಾವು ಗಣಪತಿ ಪೆಂಡಾಲ್‌ನಲ್ಲಿ ಆರ್ಕೆಸ್ಟ್ರಾದವರನ್ನು ಕೇಳಿ ಇಪ್ಪತ್ತು ನಿಮಿಷ ಪಡೆದೆವು. ಹತ್ತು ಗಂಟೆಗೆ ಮೈಕ್ ಬಂದ್, ಹಾಗಾಗಿ ಒಂಬತ್ತಕ್ಕೇ ಕೇಳಿ. ಲ್ಯಾಪ್‌ಟಾಪ್‌ಗೂ ಇಂಟರ್‌ಫೇಸ್‌ಗೂ ಯುಪಿಎಸ್ ಮರೆಯಬೇಡಿ, ನಮ್ಮ ಕಡೆಯ ಕರೆಂಟ್ ಗೊತ್ತಲ್ಲ. ಗಿಟಾರ್‌ಗೆ ಎಲೆಕ್ಟ್ರಾನಿಕ್ ಬೆರೆಸಿದ ಮುಂಬೈನ ಪೆಂಟಾಗ್ರಾಮ್ 1994ರಲ್ಲೇ ಶುರುವಾದ ಬ್ಯಾಂಡ್. ಅದರ ಗಾಯಕ ವಿಶಾಲ್ ದದ್ಲಾನಿ ಮತ್ತು ಅವರ ಜೊತೆಗಾರ ಸಂಗೀತ ನಿರ್ದೇಶಕ ಶೇಖರ್ ಸೇರಿ ತಮ್ಮದೇ ಕಂಪನಿಯಿಂದ 2008ರಲ್ಲಿ ನಮ್ಮ ರಘು ದೀಕ್ಷಿತ್ ಅವರ ಮೊದಲ ಆಲ್ಬಂ ಹೊರತಂದರು. ಒಳ್ಳೆಯ ಕಂಪನಿಯೂ ಇರುತ್ತದೆ, ನಿಮ್ಮ ಸಂಗೀತ ಗೊತ್ತಿರುವವರು ಬರುವವರೆಗೆ ಕಾಯಿರಿ.

ತುಂಗಾ_ಸಿಂಥ್:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಎರಡು ಹಾಡು, ಮೂರು ವರ್ಷ, ಲೈಸೆನ್ಸ್ ಮಾತ್ರ ಅಂತ ಕಂಪನಿಗೆ ಬರೆದಿದ್ದೇನೆ. ಚೇಣಿಯ ಮಾತು ಗಿಟಾರ್‌ನವನ ಅಪ್ಪನಿಗೆ ತಕ್ಷಣ ಅರ್ಥವಾಯಿತು. "ಹಾಗಾದರೆ ಆ ಒಂಬತ್ತು ಹಾಡು ಈಗ ಯಾರ ಹೆಸರಲ್ಲಿದೆ?" ಅಂತ ಕೇಳಿದರು. ಐದು ವರ್ಷದಲ್ಲಿ ನಾವು ಮೂವರೂ ಅದನ್ನು ಬರೆದಿಟ್ಟಿಲ್ಲ. ಭಾನುವಾರ ಶೆಡ್‌ನಲ್ಲಿ ಕೂತು ಬರೆಯುತ್ತೇವೆ, ಅವರೂ ಬರುತ್ತಾರಂತೆ.